ಪುಣೆಯ ಹಸ್ತಪ್ರತಿ ವರದಿಗಳು ಮತ್ತು ಸಂಶೋಧನ ಮಾಹಿತಿಯ ವಿನಿಮಯ

ಸಂಶೋಧನೆಗೆ ಧನಸಹಾಯ ನೀಡುವವರಿಗೂ ಅದನ್ನು ನಡೆಸುವ ವಿದ್ಯಾಸಂಸ್ಥೆಗಳಿಗೂ ನಡುವಣ ಮಾಹಿತಿ ವಿನಿಮಯವು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಅದರ ಪೂರ್ವರೂಪವೊಂದನ್ನು ಪುಣೆಯ ಹಸ್ತಪ್ರತಿ ಸಂಗ್ರಹದ ಚರಿತ್ರೆಯಲ್ಲಿ ಗುರುತಿಸಬಹುದೆಂದು ನಾವು ಭಾವಿಸುತ್ತೇವೆ.

1868ರಲ್ಲಿ ಭಾರತ ಸರ್ಕಾರವು ಸಂಸ್ಕೃತ ಹಸ್ತಪ್ರತಿಗಳ ಶೋಧನೆಯ ಯೋಜನೆಯನ್ನು ಕೈಗೊಂಡಿತು. ಮುಂಬಯಿ ಪ್ರಾಂತದಲ್ಲಿ ಬ್ಯೂಲರ್, ಕೀಲ್‌ಹಾರ್ನ್, ರಾ.ಗೋ. ಭಂಡಾರಕರ್, ಪೀಟರ್ಸನ್ ಮೊದಲಾದ ವಿದ್ವಾಂಸರು ಈ ಕಾರ್ಯವನ್ನು ನಿರ್ವಹಿಸಿ, ದೊರೆತ ಪ್ರತಿಗಳ ವಿವರವನ್ನು ಸರ್ಕಾರಕ್ಕೆ ವರದಿಗಳ ರೂಪದಲ್ಲಿ ಒಪ್ಪಿಸಿದರು. ವರದಿಗಳು ಅಚ್ಚಾದುದರಿಂದ ಸರ್ಕಾರಕ್ಕೆ ಲೆಕ್ಕವೂ ವಿದ್ವಾಂಸರಿಗೆ ಆಕರವೂ ಏಕಕಾಲಕ್ಕೆ ಒದಗಿದವು. ಡೆಕ್ಕನ್ ಕಾಲೇಜಿನಲ್ಲಿದ್ದ ಈ ಸಂಗ್ರಹವು 1918ರಲ್ಲಿ, ಹಿಂದಿನ ವರ್ಷವಷ್ಟೇ ಸ್ಥಾಪಿತವಾಗಿದ್ದ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರಕ್ಕೆ ವರ್ಗಾವಣೆಗೊಂಡಿತು. ಪಾಲಕರು ಬದಲಾದರೂ ಪ್ರತಿಯ ಗುರುತು ಬದಲಾಗಲಿಲ್ಲ. ಸಂಗ್ರಹಿಸಿದ ವರ್ಷ ಮತ್ತು ಆ ವರ್ಷದ ಕ್ರಮಸಂಖ್ಯೆಯಿಂದಲೇ ಇಂದಿಗೂ ಅಲ್ಲಿನ ಪ್ರತಿಗಳನ್ನು ಉಲ್ಲೇಖಿಸುವುದು ರೂಢಿ.

ಆದರೆ ಈ ವ್ಯವಸ್ಥೆಗೊಂದು ಮಿತಿಯಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳು ಅದೇ ಪ್ರಾಂತಕ್ಕೆ ಸೇರಿದ್ದರೂ, ಯೋಜನೆಯ ಲಕ್ಷ್ಯವು ಸಂಸ್ಕೃತವಾಗಿದ್ದುದರಿಂದ ಕನ್ನಡ ಕಾವ್ಯಗಳ ಶೋಧನೆ ಅದರ ಉದ್ದೇಶವಾಗಲಿಲ್ಲ. ಧನಸಹಾಯಕನು ಕೇಳದ ವಿವರ ದಾಖಲೆಗೂ ಬಾರದು. ಡೆಕ್ಕನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೆ.ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ವು 1898ರಲ್ಲಿ ಪ್ರಕಟವಾದುದು ಮೈಸೂರು ಸರ್ಕಾರದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ. ವಿದ್ವಾಂಸನ ನೆಲೆಯೊಂದು, ಪೋಷಣೆಯ ನೆಲೆಯೊಂದು. ಹೊರನಾಡಿನ ಕನ್ನಡ ಸಂಶೋಧನೆಯ ಸ್ಥಿತಿ ಅಂದಿನಿಂದಲೂ ಹೀಗೆಯೇ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ವಿಧಿಸಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಅವುಗಳ ಭಂಡಾರವಾಯಿತು. ನಿಯತಕಾಲಿಕಗಳ ಗುಣನಿರ್ಣಯಕ್ಕಾಗಿ 2019ರಲ್ಲಿ ಜಾರಿಗೆ ಬಂದ ‘ಕೇರ್’ ಪಟ್ಟಿಯ ಘಟಕವು ಪುಣೆ ವಿಶ್ವವಿದ್ಯಾಲಯದಲ್ಲೇ ಇದ್ದಿತು. 2025ರಲ್ಲಿ ಆಯೋಗವು ಆ ಪಟ್ಟಿಯನ್ನು ನಿಲ್ಲಿಸಿತು. ಪಟ್ಟಿಗಳು ಬಂದು ಹೋಗುತ್ತವೆ. ಉಳಿಯಬೇಕಾದುದು ಕೃತಿಯ ಸರಿಯಾದ ವಿವರ.

ಆ ವಿವರದಲ್ಲಿ ಲಿಪಿಯ ಪ್ರಶ್ನೆ ಮುಖ್ಯವಾದುದು. ವಿಶೇಷ ಚಿಹ್ನೆಗಳಿಲ್ಲದ ರೋಮನ್ ಲಿಪಿಯಲ್ಲಿ ‘ಕಲೆ’ಯೂ ‘ಕಳೆ’ಯೂ ಒಂದೇ ಆಗುತ್ತವೆ. ಇಂತಹ ಶೀರ್ಷಿಕೆ ಒಂದು ವ್ಯವಸ್ಥೆಯಿಂದ ಮತ್ತೊಂದಕ್ಕೆ ಹೋದಂತೆ ದೋಷವೂ ಜೊತೆಗೆ ಸಾಗುತ್ತದೆ. ಯೂರೋಪಿನಲ್ಲಿ ಬಳಕೆಯಲ್ಲಿರುವ ‘ಸೆರಿಫ್’ ಎಂಬ ಮಾಹಿತಿ ಮಾದರಿಯು ಒಂದೇ ಕೃತಿಯ ಶೀರ್ಷಿಕೆಯನ್ನು ಹಲವು ಭಾಷೆಗಳಲ್ಲಿ, ಆಯಾ ಭಾಷೆಯ ಹೆಸರಿನೊಡನೆ ದಾಖಲಿಸಲು ಅವಕಾಶವೀಯುತ್ತದೆ. ತಾಂತ್ರಿಕವಾಗಿ ಇದು ಅಸಾಧ್ಯವಲ್ಲವೆಂಬುದಕ್ಕೆ ಇಷ್ಟು ಸಾಕು.

ಆದುದರಿಂದ ಹೊರನಾಡಿನ ಕನ್ನಡ ವಿಭಾಗಗಳು ತಮ್ಮ ಪ್ರಬಂಧಗಳ ವಿವರವನ್ನು ಕಳುಹಿಸುವಾಗ ಕನ್ನಡ ಲಿಪಿಯ ಶೀರ್ಷಿಕೆ, ನಿಯತವಾದ ಲಿಪ್ಯಂತರ, ಲೇಖಕರ ಶಾಶ್ವತ ಗುರುತುಸಂಖ್ಯೆ ಈ ಮೂರನ್ನೂ ಸೇರಿಸುವುದು ಅಗತ್ಯ. ಪುಣೆಯ ಹಸ್ತಪ್ರತಿಗಳು ಒಂದೂವರೆ ಶತಮಾನದ ಬಳಿಕವೂ ಓದುಗನ ಕೈಗೆ ಸಿಗುತ್ತಿರುವುದು ಸರಿಯಾಗಿ ಬರೆದಿಟ್ಟ ವರ್ಷ ಮತ್ತು ಸಂಖ್ಯೆಗಳಿಂದ. ನಮ್ಮ ಪ್ರಬಂಧಗಳಿಗೂ ಅಷ್ಟು ಆಯುಷ್ಯ ದೊರೆಯಬೇಕಾದರೆ, ಕೇಳುವವರ ನಮೂನೆಯಲ್ಲಿ ಕನ್ನಡಕ್ಕೊಂದು ಅಂಕಣವಿರಬೇಕು. ಅದಿಲ್ಲದೆಡೆ ಅದನ್ನು ಕೇಳಿ ಪಡೆಯುವ ಹೊಣೆ ನಮ್ಮದು.