ಕಿಡ್ನಿ ಕಲ್ಲಿನ ಕೀಹೋಲ್ ಆಪರೇಷನ್: ಮನೆಗೆ ಬಂದ ಮೇಲೂ ರಕ್ತಸ್ರಾವ ಆಗಬಹುದೇ?

"ಸಣ್ಣ ರಂಧ್ರದ ಆಪರೇಷನ್, ರಕ್ತವೇ ಹೋಗಲ್ಲ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಅರ್ಧ ಸತ್ಯ.

ಸಾಮಾನ್ಯವಾಗಿ 2 ಸೆಂ.ಮೀ.ಗಿಂತ ದೊಡ್ಡ ಕಲ್ಲಿಗೆ ಪಿಸಿಎನ್‌ಎಲ್ ಮಾಡುತ್ತಾರೆ. ಬೆನ್ನಿನಲ್ಲಿ ಸುಮಾರು 1 ಸೆಂ.ಮೀ. ರಂಧ್ರದ ಮೂಲಕ ಕಿಡ್ನಿಯೊಳಗೆ ಹೋಗಿ ಕಲ್ಲು ಪುಡಿ ಮಾಡಿ ತೆಗೆಯುತ್ತಾರೆ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಕಿಡ್ನಿಗಳಿಗೇ ಹೋಗುತ್ತದೆ. ಹಾಗಾಗಿ ಕೆಲವು ದಿನ ಮೂತ್ರ ತಿಳಿ ಗುಲಾಬಿ ಬಣ್ಣದಲ್ಲಿದ್ದರೆ ಗಾಬರಿ ಬೇಡ.

ಅಪರೂಪಕ್ಕೆ, ಗಾಯಗೊಂಡ ರಕ್ತನಾಳದ ಬಳಿ ಬಲೂನಿನಂತಹ ಉಬ್ಬು ಉಂಟಾಗುತ್ತದೆ. ಇದೇ ಸ್ಯೂಡೋಅನ್ಯೂರಿಸಂ. ಇದು ಒಂದೆರಡು ವಾರದ ನಂತರವೂ ಒಡೆಯಬಹುದು.

ಮೂತ್ರ ಕಡುಗೆಂಪಾದರೆ, ರಕ್ತದ ಗಡ್ಡೆ ಬಂದರೆ, ಮೂತ್ರ ಕಟ್ಟಿದರೆ ಅಥವಾ ತಲೆಸುತ್ತು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬಾಳೆದಿಂಡಿನ ರಸ ಕುಡಿದು ಕಾಯಬೇಡಿ.

ಚಿಕಿತ್ಸೆ ಇದೆಯೇ? ಇದೆ. ತೊಡೆ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳುವಾದ ನಳಿಕೆ ತೂರಿಸಿ, ಸೋರುವ ಕವಲನ್ನಷ್ಟೇ ಮುಚ್ಚುತ್ತಾರೆ. ಇದಕ್ಕೆ ಎಂಬೋಲೈಸೇಷನ್ ಎನ್ನುತ್ತಾರೆ. ಹೆಚ್ಚಿನವರಲ್ಲಿ ಕಿಡ್ನಿ ಉಳಿಯುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆಪರೇಷನ್‌ಗೆ ಮೊದಲೇ ವೈದ್ಯರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಇದನ್ನು ಓದಿ ಆಪರೇಷನ್‌ಗೆ ಹೆದರಬೇಕಿಲ್ಲ. ಯಾವಾಗ ಓಡಬೇಕು ಎಂಬುದು ಗೊತ್ತಿದ್ದರೆ ಸಾಕು.