ಸೇನಾ ಬಿಲ್ಲೆಗಳು (ನಾಯಕನಹಟ್ಟಿ ಸೀಮೆ)

ಸೈನಿಕರ ಟೋಪಿ, ಕಾಲರು, ಭುಜಪಟ್ಟಿಗಳ ಮೇಲಿದ್ದು ಅವರ ಪಡೆಯನ್ನು ಸೂಚಿಸುತ್ತಿದ್ದ ಲೋಹದ ಲಾಂಛನಗಳು. ನಾಯಕನಹಟ್ಟಿಯ ಸುತ್ತಮುತ್ತ ಇಂಥ ಹಳೆಯ ಬಿಲ್ಲೆ ಕೈಗೆ ಬಂದರೆ ಮೊದಲು ನೆನೆಯಬೇಕಾದದ್ದು ಹಳೆಯ ಗಡಿಯನ್ನು. ಚಳ್ಳಕೆರೆ, ಮೊಳಕಾಲ್ಮೂರು ಮೈಸೂರು ಸಂಸ್ಥಾನದಲ್ಲಿದ್ದವು. ಪಕ್ಕದ ಬಳ್ಳಾರಿ, ರಾಯದುರ್ಗ 1953ರವರೆಗೆ ಮದ್ರಾಸಿಗೆ ಸೇರಿದ್ದವು. ಹೀಗಾಗಿ ಇಲ್ಲಿ ಮಹಾರಾಜರ ಪಡೆಯ ಬಿಲ್ಲೆಯೂ ಇರಬಹುದು, ಬ್ರಿಟಿಷ್ ಇಂಡಿಯಾ ಸೇನೆಯದೂ ಇರಬಹುದು.

ಮೈಸೂರು ಪಡೆಗಳ ಗುರುತು ಗಂಡಭೇರುಂಡ. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣ ಗೆದ್ದ ಪಡೆಗಳಲ್ಲಿ ಮಹಾರಾಜರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಒಂದು. ಆದ್ದರಿಂದ ಎರಡು ತಲೆಯ ಹಕ್ಕಿ ಕಂಡ ಕೂಡಲೇ ಸಂಗ್ರಾಹಕರು ಹೈಫಾದ ಹೆಸರೆತ್ತುತ್ತಾರೆ. ಅದು ಅವಸರ. ಅದೇ ಹಕ್ಕಿ ಪೊಲೀಸರ ಟೋಪಿಯಲ್ಲಿ, ಕಚೇರಿ ದಫೇದಾರರ ಡವಾಲಿಯ ಬಿಲ್ಲೆಯಲ್ಲಿ, ಈಚಿನ ಸಾರಿಗೆ ಸಂಸ್ಥೆಯ ಲಾಂಛನದಲ್ಲೂ ಇದೆ. ಮೇಲೆ ಅಶೋಕನ ಸಿಂಹಗಳಿದ್ದರೆ ಅದು ಸಂಸ್ಥಾನದ ಕಾಲದ್ದಲ್ಲ. ‘ಇಂಪೀರಿಯಲ್ ಸರ್ವಿಸ್’ (ಸಾಮ್ರಾಜ್ಯದ ಸೇವೆಗೆಂದು ಸಂಸ್ಥಾನಗಳು ಇಟ್ಟಿದ್ದ ಪಡೆ) ಎಂಬ ಬರಹವಿದ್ದರೆ ಮೊದಲನೇ ಮಹಾಯುದ್ಧದವರೆಗಿನ ಕಾಲ ಎನ್ನಬಹುದು.

ಬ್ರಿಟಿಷ್ ಬಿಲ್ಲೆಗಳಿಗೆ ಕಿರೀಟವೇ ಪಂಚಾಂಗ. ಕಮಾನು ನಡುವೆ ತಗ್ಗಿದ್ದರೆ ವಿಕ್ಟೋರಿಯಾ ಕಾಲ. ಗುಮ್ಮಟದಂತೆ ಉಬ್ಬಿದ್ದರೆ 1901ರ ನಂತರದ ದೊರೆಗಳದು. 1950ರ ಜನವರಿ 26ರ ಬಳಿಕ ಭಾರತದ ಸೇನೆಯಲ್ಲಿ ಕಿರೀಟದ ಜಾಗಕ್ಕೆ ಸಿಂಹಗಳು ಬಂದವು. ಪಡೆಯ ಸಂಖ್ಯೆಯೂ ಕಾಲ ಹೇಳುತ್ತದೆ: ಮದ್ರಾಸಿನ ಕಾಲಾಳು ಪಡೆಗಳ ಸಂಖ್ಯೆಗೆ 1903ರಲ್ಲಿ 60 ಕೂಡಿಸಲಾಯಿತು, 1922ರಲ್ಲಿ ಮತ್ತೆ ಎಲ್ಲ ಬದಲಾಯಿತು. ‘61 ಪಯೊನಿಯರ್ಸ್’ ಎಂದಿದ್ದರೆ ಅದು ಈ ಎರಡು ವರ್ಷಗಳ ನಡುವಿನದು. ಮೈಸೂರು ಲ್ಯಾನ್ಸರ್ಸ್ ಮುಂದೆ ಸೇರಿಕೊಂಡ 61ನೇ ಅಶ್ವದಳಕ್ಕೂ ಇದಕ್ಕೂ ನಂಟಿಲ್ಲ, ಅದು 1953ರದು.

ಸಿಪಾಯಿಗಳ ತಲೆಯ ಮೇಲೆ ಬಹುಕಾಲ ಇದ್ದದ್ದು ರುಮಾಲು. ಹೆಚ್ಚಿನ ರುಮಾಲುಗಳಿಗೆ ಬಿಲ್ಲೆಯೇ ಇರುತ್ತಿರಲಿಲ್ಲ. ಪಡೆಯ ಹೆಸರು ಭುಜದ ಹಿತ್ತಾಳೆ ಅಕ್ಷರಗಳಲ್ಲಿರುತ್ತಿತ್ತು. ಕಾಲರ್ ಬಿಲ್ಲೆಗಳು ಜೋಡಿ; ಚಿತ್ರದ ಪ್ರಾಣಿಗಳು ಸಾಮಾನ್ಯವಾಗಿ ಎದುರುಬದುರು ನೋಡುತ್ತವೆ. ಒಂಟಿಯಾಗಿ ಸಿಕ್ಕ ಚಿಕ್ಕ ಬಿಲ್ಲೆಯನ್ನು ಟೋಪಿಯದೆಂದು ಮಾರುವುದುಂಟು.

ಅಸಲಿಯೋ ನಕಲಿಯೋ ಎಂಬುದಕ್ಕೆ ಹಿಂಬದಿ ನೋಡಬೇಕು. ಅಚ್ಚೊತ್ತಿದ ಬಿಲ್ಲೆಯ ಬೆನ್ನಲ್ಲಿ ಮುಂದಿನ ಚಿತ್ರದ ತಗ್ಗು ಕಾಣುತ್ತದೆ; ಎರಕದ ನಕಲಿನ ಮೈಯಲ್ಲಿ ಸಣ್ಣ ಗುಳಿಗಳಿರುತ್ತವೆ, ಗೆರೆಗಳು ಮಂಕಾಗಿರುತ್ತವೆ. ಆದರೆ ಇಲ್ಲಿನ ದಂಡುಪೇಟೆಗಳ ಕಂಚುಗಾರರೂ ಪಡೆಗಳಿಗಾಗಿ ಎರಕ ಹೊಯ್ದು ಕೊಟ್ಟಿದ್ದಾರೆ; ಎರಕವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಸವೆತ ಉಬ್ಬಿದ ಕಡೆಗಳಲ್ಲಿ ಹೆಚ್ಚಿದ್ದು ತಗ್ಗಿನಲ್ಲಿ ಹಳೆಯ ಕಪ್ಪು ಉಳಿದಿದ್ದರೆ ಅದು ತೊಟ್ಟು ಉಜ್ಜಿದ ವಸ್ತು ಎನ್ನಲು ಆಧಾರವಿದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಆ ಕಪ್ಪೂ ಹೋಗುತ್ತದೆ.