ಕಪ್ಪುಬಿಳುಪಿನ ಹಂಗಾಮು

ಮಳೆ, ದೂಳು ನುಗ್ಗದಂತೆ ಸಂದುಗಳಿಗೆ ರಬ್ಬರ್ ಬಳೆ ಕೂರಿಸಿದ ಕ್ಯಾಮೆರಾಗಳಿಗೆ ಹಿಮ ಬೀಳುವ ನಾಡುಗಳ ಚಳಿಗಾಲದಲ್ಲಿ ಬೆಲೆ ಹೆಚ್ಚು. ನಂಜನಗೂಡು, ತಿ. ನರಸೀಪುರದ ಕಡೆ ಈ ಲೆಕ್ಕ ತಲೆಕೆಳಗು. ದೇವನೂರಿನ ಬಯಲಲ್ಲಿ ಮಾಗಿಯ ಮುಂಜಾವು ಎಷ್ಟೇ ಮೈ ಕೊರೆದರೂ ಫಿಲ್ಮ್ ಒಡಕಲಾಗುವಷ್ಟು, ಶಟರ್ ಸೆಟೆದು ನಿಲ್ಲುವಷ್ಟು ಚಳಿ ಬೀಳುವುದಿಲ್ಲ. ಕಪಿಲೆ-ಕಾವೇರಿಯ ಈ ಸೀಮೆಯಲ್ಲಿ ಕಪ್ಪುಬಿಳುಪು ಚಿತ್ರವನ್ನು ಕಾಪಾಡಿದ್ದು ಕ್ಯಾಮೆರಾದ ಕವಚಕ್ಕಿಂತ ಹೆಚ್ಚಾಗಿ ಚಳಿಗಾಲವೇ ಎಂಬುದು ನನ್ನ ವಾದ.

ಸೇನಾಧಿಕಾರಿ, ಛಾಯಾಗ್ರಾಹಕ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರಿನ ಗುಡಿಗಳನ್ನು ಕಾಗದದ ನೆಗೆಟಿವ್ ಮೇಲೆ ಹಿಡಿದದ್ದು 1854ರ ಡಿಸೆಂಬರಿನಲ್ಲಿ. ಅವನಿಗೆ ರಜೆ ಸಿಕ್ಕಿದ್ದೇ ಆಗ, ಋತು ನೋಡಿ ಬಂದವನಲ್ಲ ಎನ್ನಬಹುದು. ಇರಲಿ, ಮರುವರ್ಷ ಮಳೆಗಾಲದಲ್ಲಿ ಬರ್ಮಾಕ್ಕೆ ಹೋದಾಗ ಅದೇ ಪಳಗಿದ ಕೈಗೆ ಹವಾಮಾನ, ಕಾಯಿಲೆ ಎರಡೂ ಅಡ್ಡಬಂದವು. ಫಿಲ್ಮ್ ಬಂದಮೇಲೂ ತೊಡಕು ತಪ್ಪಲಿಲ್ಲ. ಅದರ ಮೇಲಿನ ಬೆಳ್ಳಿಯ ಲವಣ ಕೂತಿರುವುದು ದನದ ಮೂಳೆ, ತೊಗಲಿನಿಂದ ತೆಗೆದ ಜೆಲಟಿನ್ ಪದರದಲ್ಲಿ. ನೀರು ಬೆಚ್ಚಗಾದರೆ ಈ ಪದರ ಉಬ್ಬಿ ಮೆತ್ತಗಾಗುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ; ಇನ್ನೂ ಕಾದರೆ ಸುಕ್ಕುಗಟ್ಟಿ ಅಂಚಿನಿಂದ ಕಳಚಿಕೊಳ್ಳುತ್ತದೆ. ಡೆವಲಪರಿನ ಲೆಕ್ಕವೆಲ್ಲ ಸಾಮಾನ್ಯವಾಗಿ 20 ಡಿಗ್ರಿಗೆ. ಏಪ್ರಿಲ್‌ನಲ್ಲಿ ತೊಟ್ಟಿಯ ನೀರೇ ಅದನ್ನು ಮೀರಿರುವುದರಿಂದ ಡಾರ್ಕ್‌ರೂಮಿನವರು ಐಸ್ ತರಿಸಬೇಕು, ಇಲ್ಲವೇ ಕ್ರೋಮ್ ಆಲಂ ಹಾಕಿ ಪದರವನ್ನು ಗಟ್ಟಿ ಮಾಡಬೇಕು. ಪುಷ್ಯಮಾಸದಲ್ಲಿ ರಾತ್ರಿಯಿಡೀ ಹೊರಗಿಟ್ಟ ನೀರು ಪುಕ್ಕಟೆಯಾಗಿ ಆ ಹದಕ್ಕೆ ಬಂದಿರುತ್ತದೆ. ಮಳೆಗಾಲದ ಕಾಟ ಬೂಷ್ಟಿನದು. ಕವಚ ಹನಿಯನ್ನೇನೋ ತಡೆದೀತು, ಆದರೆ ತೇವದ ಗಾಳಿಯಲ್ಲಿ ಬೆನ್ನು ತೆರೆದು ರೋಲ್ ತುಂಬಿದರೆ ಆ ತೇವವನ್ನೇ ಒಳಗಿಟ್ಟು ಬೀಗ ಹಾಕಿದಂತೆ.

ನಂಜನಗೂಡಿನ ಮೇಲೆ ಹಾದು ಬಂಡೀಪುರ ದಾಟುವ ರಸ್ತೆ ಮುಟ್ಟುವುದು ಊಟಿಯನ್ನು. 1960ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನ ಕಪ್ಪುಬಿಳುಪು ಫಿಲ್ಮು, ಕಾಗದ ತಯಾರಿಸಿದ್ದು ಅಲ್ಲೇ. ತಂಪು, ದೂಳಿಲ್ಲದ ಗಾಳಿ ಆ ಜಾಗದ ಆಯ್ಕೆಗೆ ಕಾರಣ. ನೀಲಗಿರಿಯಲ್ಲಿ ಮಳೆ ಕಡಿಮೆಯೇ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ಸರಿ. ಆದರೆ ಕಾರ್ಖಾನೆಯ ಒಳಗಿನ ತೇವವನ್ನು ಯಂತ್ರದಿಂದ ಹಿಂಗಿಸಬಹುದು. ಹೊರಗೇ ತಂಪಿದ್ದರೆ ಆ ಯಂತ್ರಗಳ ಹೊರೆಯೂ ಇಳಿಯುತ್ತದೆ.

ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ. ಸ್ಟುಡಿಯೊಗಳ ಅನ್ನ ಮದುವೆಯದು; ಧನುರ್ಮಾಸದಲ್ಲಿ ಮದುವೆಯಿಲ್ಲ, ಲಗ್ನಗಳ ಭರಾಟೆ ಬೇಸಿಗೆಗೆ. ಒಪ್ಪಿದೆ, ಕಾಸಿನ ಹಂಗಾಮು ಅದೇ. ಆದರೆ ಚಪ್ಪರದಡಿ ಫ್ಲಾಷ್ ಹೊಡೆದು ತೆಗೆಯುವ ಚಿತ್ರಕ್ಕೆ ಬಿಸಿಲಿನ ಹಂಗಿಲ್ಲ. ಹೊರಗಿನ ಕೆಲಸದ ಮಾತೇ ಬೇರೆ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹದಿಮೂರನೇ ಶತಮಾನದ ಕೇಶವ ದೇವಾಲಯದ ಬಳಪದ ಕಲ್ಲನ್ನು ಕಪ್ಪುಬಿಳುಪಿನಲ್ಲಿ ಹಿಡಿಯುವವನಿಗೆ ಬಣ್ಣದ ನೆರವಿಲ್ಲ, ಶಿಲ್ಪದ ಉಬ್ಬುತಗ್ಗು ಬಿಡಿಸಲು ಓರೆ ಬೆಳಕೇ ಬೇಕು. ಏಪ್ರಿಲ್ ಕೊನೆಯ ನಡುಹಗಲಿಗೆ ಸೂರ್ಯ ನೆತ್ತಿಗೇರಿ, ಸೂರಿನ ನೆರಳು ನೇರ ಮೂರ್ತಿಗಳ ಮುಖಕ್ಕೆ ಬೀಳುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಾದರೆ ಅದೇ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ನಿಂತು, ತೆಂಕಣ ಗೋಡೆಯ ಕೆತ್ತನೆಗಳಿಗೆ ಓರೆಯಾಗಿ ಬೆಳಕು ಕೊಡುತ್ತಾನೆ.